ಒಂದೇ ಹರಿಗೋಲಿನ ವಿಮಾ ಕಂಪನಿ

ಒಂದೇ ಪಾಠವನ್ನು ನಾಲ್ಕನೇ ಸಲ ಹೇಳಬೇಕಾಗಿ ಬಂದರೆ ಎಂಥ ಸನ್ಯಾಸಿಗೂ ತಲೆ ಕೆಡುತ್ತದೆ. ನಿರುಪಾದಜ್ಜನಿಗೆ ಅವತ್ತು ಚೆನ್ನಾಗಿಯೇ ಕೆಟ್ಟಿತ್ತು.

ಹೊಳೆದಂಡೆಯಲ್ಲಿ ಪಂಚೆ ಒಗೆಯುತ್ತಿದ್ದ ಅಜ್ಜನ ಮುಂದೆ ಶಿಷ್ಯ ಯಂಕೋಬ ಕೈಕಟ್ಟಿ ನಿಂತಿದ್ದ. ಅವನ ತಾಯಿ ಹುಲಿಗೆವ್ವ ಅದೇ ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದಳು. ಇದ್ದದ್ದು ಒಂದೇ ಹರಿಗೋಲು. ಅದು ಬಂಡೆಗೆ ಬಡಿದು ಒಡೆದರೆ ಮನೆಯ ಅನ್ನ ಹೋದ ಹಾಗೆ.

ಪಟ್ಟಣದ ವಿಮಾ ಕಂಪನಿಗಳು ಹರಿಗೋಲಿಗೆ ವಿಮೆ ಇಲ್ಲವೆಂದು ಕೈಯಲ್ಲಾಡಿಸಿಬಿಟ್ಟಿದ್ದವು. ಹಾಗಾದರೆ ನಮ್ಮ ವಿಮಾ ಕಂಪನಿಯನ್ನು ನಾವೇ ಕಟ್ಟಿಕೊಳ್ಳುವುದು ಹೇಗೆ ಎಂದು ಕಲಿಯಲು ಯಂಕೋಬ ಅಜ್ಜನ ಆಶ್ರಮ ಸೇರಿದ್ದ. ಅಜ್ಜ ಕಾವಿ ಉಡುವ ಮುಂಚೆ ಮೂವತ್ತು ವರ್ಷ ವಿಮೆಯ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು.

“ಸ್ವಂತ ವಿಮಾ ಕಂಪನಿ ಕಟ್ಟೋ ಬಗಿ ಎಷ್ಟು, ಹೇಳು,” ಅಂದ ಅಜ್ಜ.

“ಮೂರು ರೀ ಅಜ್ಜಾರ. ಒಬ್ಬ ಒಡೆಯ ತನ್ನ ಸ್ವತ್ತಿಗೆ ತಾನೇ ಕಟ್ಟಿಕೊಳ್ಳೋದು ಒಂದು. ಒಂದೇ ಕಸುಬಿನವರು ಕೂಡಿ ಕಟ್ಟೋದು ಇನ್ನೊಂದು. ಬ್ಯಾರೆಯವರ ಕಂಪನಿಯೊಳಗ ನಮ್ಮ ರೊಕ್ಕಕ್ಕ ಒಂದು ಖೋಲಿ ಬಾಡಿಗಿ ಹಿಡಿಯೋದು ಮೂರನೇದು.”

ಗಿಳಿ ಕೂಡ ಇಷ್ಟು ಚಂದ ಒಪ್ಪಿಸುತ್ತಿರಲಿಲ್ಲ. ಅಜ್ಜನಿಗೆ ಅದೇ ಸಿಟ್ಟು.

“ಯಾವುದು ಆರಿಸಿದಿ?”

“ಮೊದಲನೇದ್ರಿ. ಸಂಗಪ್ಪ ಸಾವುಕಾರ್ರು ಅದನ್ನ ಮಾಡ್ಯಾರ. ಭಾಳ ಚಲೋ ನಡದೈತಿ.”

“ಅವನ ಹರಿಗೋಲು ಎಷ್ಟು?”

“ಅರವತ್ತು.”

“ನಿಮ್ಮವ್ವಂದು?”

“ಒಂದ್ರಿ.”

ಅಜ್ಜ ಒಗೆಯುತ್ತಿದ್ದ ಪಂಚೆಯನ್ನು ಕಲ್ಲಿನ ಮೇಲೆ ಎಸೆದ. ಎದ್ದು ಬಂದು ಯಂಕೋಬನ ಹೆಗಲ ಮೇಲಿನ ಟವೆಲ್ ಕಸಿದುಕೊಂಡ.

“ಇನ್ನೊಂದು ಐತೇನು?”

“ಇಲ್ರಿ, ಇದೊಂದೇ.”

“ಇದು ಹರಿದ್ರ?”

“ಹೊಸಾದು ಬೇಕಾಗತೈತ್ರಿ.”

ಅಜ್ಜ ಸೊಂಟದ ಚೂರಿ ತೆಗೆದು ಅವನ ಕೈಗಿಟ್ಟ. “ಹಂಗಾದ್ರ ಇವತ್ತಿಂದಲೇ ದಿನಾ ಒಂದು ಚೂರು ಕತ್ತರಿಸಿ ಎತ್ತಿಡು. ಇದು ಹರಿಯೋದ್ರೊಳಗ ಹೊಸ ಟವೆಲ್ ತಯಾರಾಗತೈತಿ.”

ಯಂಕೋಬ ಟವೆಲನ್ನೂ ಚೂರಿಯನ್ನೂ ನೋಡಿದ. “ಹಂಗ ಮಾಡಿದ್ರ ಇದೂ ಉಳಿಯಂಗಿಲ್ರಿ.”

“ಒಂದೇ ಹರಿಗೋಲಿನ ಗಳಿಕಿಯೊಳಗ ವಿಮಾ ರೊಕ್ಕ ಕತ್ತರಿಸೋದೂ ಹಿಂಗ. ಇಷ್ಟು ತಿಳಿಯಾಕ ಮೂರು ತಿಂಗಳು ನನ್ನ ರೊಟ್ಟಿ ತಿಂದಿ!”

ಯಂಕೋಬನ ಕಿವಿ ಕೆಂಪಾದವು. ಆದರೂ ಬಿಡಲಿಲ್ಲ. “ಹಂಗಾದ್ರ ಮೂರನೇದು. ಸಂಗಪ್ಪನವರು ತಮ್ಮ ಕಂಪನಿಯೊಳಗ ಅವ್ವಗ ಒಂದು ಖೋಲಿ ಕೊಡ್ತೀನಿ ಅಂದಾರ. ಕಾಗದಾನೂ ಮಾಡ್ಸ್ಯಾರ.”

“ಆ ಖೋಲಿಗೂ ಅವನ ಖೋಲಿಗೂ ನಡುವ ಗ್ವಾಡಿ ಐತೇನು?”

“ಎಂಥ ಗ್ವಾಡೀರಿ?”

“ಅವನ ಇಪ್ಪತ್ತು ಹರಿಗೋಲು ಒಂದೇ ಸಲ ಒಡೆದ್ರ, ನಿಮ್ಮವ್ವ ಕೂಡಿಟ್ಟದ್ದಕ್ಕ ಅವನು ಕೈ ಹಾಕಬಾರದು ಅಂತ ಕಾಗದದಾಗ ಬರದೈತೋ ಇಲ್ಲೋ?”

“ಅದನ್ನ ಓದಿಲ್ರಿ.”

ಅಜ್ಜ ಹಣೆ ಹಣೆ ಬಡಿದುಕೊಂಡ. ವಿಮೆ ಬಿಟ್ಟು ಹೊಳೆದಂಡೆಗೆ ಬಂದರೂ ವಿಮೆ ತನ್ನನ್ನು ಬಿಡಲಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂದಂತಾಯಿತು.

“ಉಳಿದದ್ದು ಎರಡನೇದು,” ಯಂಕೋಬನ ದನಿ ಸಣ್ಣದಾಗಿತ್ತು. “ಒಂಟಿ ಹರಿಗೋಲಿನವರು ಇನ್ನೂ ಆರು ಮಂದಿ ಅದಾರ. ಏಳು ಮಂದಿ ಕೂಡಿದ್ರ ಆಗತೈತಲ್ರಿ?”

“ಆರು ಮಂದಿ ಹೆಂಥವರು?”

“ಒಳ್ಳೆಯವರ್ರಿ. ಬರಮಪ್ಪ ಒಬ್ಬ ಮಾತ್ರ ಕುಡಿದು ಹುಟ್ಟು ಹಾಕ್ತಾನ.”

“ಅವನದು ಒಡೆದ್ರ ಕಟ್ಟಿಕೊಡೋರು ಯಾರು?”

ಯಂಕೋಬ ಬೆರಳು ಮಡಚಿ ಲೆಕ್ಕ ಹಾಕಿದ. “ನಮ್ಮವ್ವ,” ಅಂದ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ. “ಯಾವುದು ಹೇಳಿದ್ರೂ ತಪ್ಪು ಅಂತೀರಿ! ಬರೋ ವಾರ ಹೊಳಿ ಏರತೈತಿ. ಇವತ್ತು ಸಂಜಿಕ ಅವ್ವ ಯಾವುದಕ್ಕಾದರೂ ಸಹಿ ಹಾಕಬೇಕು. ಚಲೋದು ಯಾವುದು ಅಂತ ನೀವೇ ಹೇಳಿಬಿಡ್ರಿ.”

“ನಿಮ್ಮವ್ವ ಏನಂತಾಳ?”

“ಆಕಿಗೆ ಇದೆಲ್ಲ ತಿಳಿಯಂಗಿಲ್ರಿ. ನಾನು ಕೇಳಿಲ್ಲ.”

ಅಜ್ಜ ಒದ್ದೆ ಪಂಚೆಯನ್ನು ಕೈಗೆತ್ತಿಕೊಂಡು ಹಿಂಡಿದ. ಅದರಲ್ಲಿ ನೀರಿನ ಹನಿ ಉಳಿಯದಂತೆ ಹಿಂಡಿದ. ಕೊನೆಗೆ ಶಿಷ್ಯನ ಕಡೆ ತಿರುಗಿದ.

“ಹೊಳಿ ಏರಿದಾಗ ಆ ಆರು ಮಂದಿಯೊಳಗ ಯಾರ್‍ಯಾರ ಹರಿಗೋಲಿನ್ಯಾಗ ಅಂಜದಂಗ ಕೂಡ್ತಿ ಅಂತ ನಿಮ್ಮವ್ವನ್ನ ಕೇಳು. ಆಕಿ ಎಷ್ಟು ಹೆಸರು ಹೇಳ್ತಾಳೋ, ನಿಮ್ಮ ಕಂಪನಿ ಅಷ್ಟೇ ದೊಡ್ಡದು.”