ಸೋರಿದ್ದನ್ನು ಹಿಡಿಯುವ ಡಬ್ಬಿ

ಕೊಟ್ರಪ್ಪನ ಹಳೆಯ ಪಿಕಪ್ ಗಾಡಿಯ ಎಂಜಿನ್ ಮೇಲಿನ ಮುಚ್ಚಳದಿಂದ, ಅಂದರೆ ಟ್ಯಾಪೆಟ್ ಕವರಿನಿಂದ, ಆಯಿಲ್ ಸೋರುತ್ತಿತ್ತು. ಗಾಡಿ ನಿಂತಾಗ ಅವನು ಕೆಳಗೊಂದು ತಗಡಿನ ಡಬ್ಬಿ ಇಡುತ್ತಿದ್ದ, ತುಂಬಿದ್ದನ್ನು ಸೋಸಿ ಮತ್ತೆ ಎಂಜಿನ್ನಿಗೇ ಸುರಿಯುತ್ತಿದ್ದ.

ಡಬ್ಬಿಗೆ ಸೊಕ್ಕು ಬಂತು. "ಈ ಮುದಿ ಎಂಜಿನ್ನನ್ನು ಸಾಕುತ್ತಿರುವುದು ನಾನು," ಎಂದಿತು.

"ಅದು ನನ್ನದೇ ಆಯಿಲ್," ಎಂದಿತು ಎಂಜಿನ್. "ಕವರಿನ ರಬ್ಬರ್ ಪ್ಯಾಕಿಂಗ್ ಒಣಗಿ ಹಪ್ಪಳವಾಗಿದೆ. ಹೊಸದು ಹಾಕಿದರೆ ಸೋರುವುದೇ ನಿಲ್ಲುತ್ತದೆ."

"ಕೃತಘ್ನ! ಸೋರುವುದು ನಿಂತರೆ ನಿನಗೆ ಆಯಿಲ್ ಕೊಡುವವರು ಯಾರು?"

ಅಷ್ಟರಲ್ಲಿ ಮೆಕ್ಯಾನಿಕ್ ದಸ್ತಗಿರಿ ಬಂದು ಬಾನೆಟ್ ಎತ್ತಿದ. "ಏನಣ್ಣಾ ಇದು? ಕಾದ ಸೈಲೆನ್ಸರ್ ಪೈಪಿನ ಮ್ಯಾಲೆ ಆಯಿಲ್ ಬೀಳಾಕತ್ತೇತಿ. ಗಾಡಿ ಸುಟ್ಟು ಬೂದಿ ಆದಮ್ಯಾಲೆ ಡಬ್ಬಿ ಹಿಡ್ಕಂಡು ಓಡಾಡ್ತೀಯೇನು?" ಎಂದು ಬೈದು, ಹೊಸ ಪ್ಯಾಕಿಂಗ್ ಹಾಕಿ ಕವರನ್ನು ಬಿಗಿದ.

ಮರುದಿನ, ರೂಢಿಯಂತೆ ಗಾಡಿಯ ಕೆಳಗೇ ಇಟ್ಟಿದ್ದ ಡಬ್ಬಿಯೊಳಗೆ ಒಂದು ಹನಿಯೂ ಇರಲಿಲ್ಲ. ಆದರೂ ಅದು ಗಂಭೀರವಾಗಿ ಸಾರಿತು: "ಇಂದಿನಿಂದ ನಾನು ಆಯಿಲ್ ಕೊಡುವುದನ್ನು ನಿಲ್ಲಿಸಿದ್ದೇನೆ. ಎಂಜಿನ್ ಬಂದು ಕಾಲಿಗೆ ಬೀಳಲಿ, ಆಮೇಲೆ ಯೋಚಿಸೋಣ."

ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕೊಟ್ರಪ್ಪ ಗಾಡಿ ತಿರುಗಿಸಿಕೊಂಡು ಹೊರಟುಹೋದ. ಕೆಳಗಿನ ಡಬ್ಬಿಯನ್ನು ತೆಗೆದಿಡಬೇಕೆಂಬುದು ಅವನಿಗೆ ನೆನಪೇ ಆಗಲಿಲ್ಲ.