ಬೋಳುಗುಡ್ಡದ ಜೇಡಗಳು

ಬೋಳುಗುಡ್ಡದ ನೆತ್ತಿಯಲ್ಲಿ ಒಂದು ಆಶ್ರಮ. ಅಲ್ಲಿ ನಿರ್ವಾಣಜ್ಜ ಎಂಬ ಗುರು, ಹೊನ್ನಲಿಂಗ ಎಂಬ ಶಿಷ್ಯ.

ಪ್ರತಿವರ್ಷ ಮಳೆ ನಿಂತ ಮೇಲೆ ಅಜ್ಜ ಹುಲ್ಲಿನ ನಡುವೆ ಕುಡಿಕೆಗಳನ್ನು ಬಾಯಿಮಟ್ಟ ಹೂಳುತ್ತಿದ್ದರು. ನೆಲದ ಮೇಲೆ ಓಡಾಡುವ ಜೇಡಗಳು ಅವುಗಳೊಳಗೆ ಬೀಳುತ್ತಿದ್ದವು. ಬೆಳಿಗ್ಗೆ ಎಣಿಸಿ ಬಿಟ್ಟುಬಿಡುವುದು. ಅಜ್ಜನ ಗುರುಗಳೂ ಇದನ್ನೇ ಮಾಡಿದ್ದರು, ಇದೇ ಜಾಗಗಳಲ್ಲಿ.

ಆ ವರ್ಷ ಕುಡಿಕೆಗಳು ಖಾಲಿ. ಒಂದು ಇರುವೆಯೂ ಇಲ್ಲ.

ಕಲ್ಲುಗಣಿಯ ಧಣಿಯ ಕಣ್ಣು ಗುಡ್ಡದ ಮೇಲೆ ಬಿದ್ದಿತ್ತು. ಅಲ್ಲಿ ಜೀವ ಉಂಟೋ ಇಲ್ಲವೋ ಈ ಕುಡಿಕೆಗಳನ್ನು ನೋಡಿ ತೀರ್ಮಾನಿಸಲು ಮರುದಿನವೇ ಅಧಿಕಾರಿಗಳು ಬರುವವರಿದ್ದರು. ಸತ್ತ ಗುಡ್ಡ ಎಂದುಬಿಟ್ಟರೆ ಮುಗಿಯಿತು, ಸಿಡಿಮದ್ದು ಬಂದಂತೆಯೇ.

ಹೊನ್ನಲಿಂಗ ಕೆಳಗಿನ ಹಳ್ಳಕ್ಕೆ ಓಡಿದ. ಕಲ್ಲಡಿಯ ಜೇಡಗಳನ್ನು ಹಿಡಿದು ತಂದು ಕುಡಿಕೆಗಳಿಗೆ ತುಂಬಿದ.

ಬೆಳಿಗ್ಗೆ ಅಜ್ಜ ಬಗ್ಗಿ ನೋಡಿದರು.

“ಇವು ಹಳ್ಳದವು.”

“ಅವರಿಗೇನು ಗೊತ್ತಾಗುತ್ತದೆ ಅಜ್ಜಾ? ಜೇಡಕ್ಕೆ ಕಾಲೆಷ್ಟು ಅಂತಲೂ ತಿಳಿಯದ ಅಧಿಕಾರಿಗಳು!”

“ನಮ್ಮವು ಎಲ್ಲಿ ಹೋದವು?”

ಹೊನ್ನಲಿಂಗ ಬಗ್ಗಿ ಕುಡಿಕೆಯ ಅಂಚಿನ ಮಣ್ಣು ಒರೆಸತೊಡಗಿದ.

“ಕಿವಿ ಕೇಳಿಸುತ್ತದೇನೋ?”

“ಬೇಸಿಗೆಯಲ್ಲಿ ಸುಟ್ಟುಹೋದವು.”

“ಹುಲ್ಲಿಗೆ ಬೆಂಕಿ ತಾನಾಗಿ ಬಿತ್ತೋ?”

ಶಿಷ್ಯ ಸುತ್ತ ನೋಡಿದ. ದನಿ ತಗ್ಗಿಸಿದ.

“ಧಣಿಯ ಆಳುಗಳು ಹಚ್ಚಿದರು. ಕಣ್ಣಾರೆ ಕಂಡೆ. ಬಾಯಿ ಬಿಟ್ಟರೆ ನಿನ್ನನ್ನೂ ಸುಡುತ್ತೇವೆ ಅಂದರು.”

ಅಜ್ಜ ಕುಡಿಕೆಗಳನ್ನು ಒಂದೊಂದಾಗಿ ಬುಟ್ಟಿಗೆ ಬಗ್ಗಿಸಿದರು, ಹಳ್ಳಕ್ಕೆ ಒಯ್ದು ಬಿಡಲು.

“ಅಯ್ಯೋ ಅಜ್ಜಾ! ಗುಡ್ಡ ಉಳಿಯಲಿ ಅಂತ ಮಾಡಿದೆ!”

“ಗುಡ್ಡ ಉಳಿಯುತ್ತಿತ್ತೋ ಏನೋ. ಬೆಂಕಿ ಇಟ್ಟವನಂತೂ ಉಳಿಯುತ್ತಿದ್ದ. ಜೇಡಗಳೆಲ್ಲ ಕ್ಷೇಮ ಅಂದಮೇಲೆ ಬೆಂಕಿ ಯಾರನ್ನು ಕೊಂದ ಹಾಗಾಯಿತು? ಯಾರನ್ನೂ ಇಲ್ಲ. ಮುಂದಿನ ಬೇಸಿಗೆಗೆ ಮತ್ತೆ ಹಚ್ಚುತ್ತಾನೆ. ನೀನು ಮತ್ತೆ ಹಳ್ಳಕ್ಕೆ ಓಡು.”

ಕೆಳಗಿನ ದಾರಿಯಲ್ಲಿ ಜೀಪು ಏರಿ ಬಂತು. ಮುಂದಿನ ಸೀಟಿನಲ್ಲಿ ಧಣಿ ಕೂತಿದ್ದ. ಸರ್ಕಾರದ ಅಧಿಕಾರಿಗಳು ಹಿಂದೆ ಒತ್ತಿಕೊಂಡು ಕೂತಿದ್ದರು.

ಹೊನ್ನಲಿಂಗ ಅಜ್ಜನ ಹಿಂದೆ ಸರಿದ.

“ನೀವೇ ಹೇಳಿಬಿಡಿ ಅಜ್ಜಾ.”

“ಕಂಡವನು ನೀನು.”

“ನನಗೆ ಹೆದರಿಕೆ. ಕೈಕಾಲು ನಡುಗುತ್ತಿವೆ. ಸ್ವಲ್ಪ ಧೈರ್ಯ ಕೊಡಿ.”

ಅಜ್ಜ ಖಾಲಿ ಕುಡಿಕೆಯೊಂದನ್ನು ಅವನ ಕೈಗಿಟ್ಟರು.

“ಧೈರ್ಯ ನನ್ನ ಹತ್ತಿರವೂ ಇಲ್ಲ ಮಗಾ. ನಡುಗುತ್ತಲೇ ಹೇಳು.”