ಪಿಳ್ಳಪ್ಪ ವಿಮಾನ ಸಾಗಿಸಿದ್ದು

ಹೊಸಕೋಟೆ ಕಡೆ ಆವಲಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಪಿಳ್ಳಪ್ಪ. ಅಮ್ಮನ ಕೈ ಎಷ್ಟು ಚುರುಕೋ ಮಗನ ತಲೆ ಅಷ್ಟು ಮಂದ. ಆವಲಮ್ಮ ಮಾಡ್ತಿದ್ದ ಕೆಲಸ ಏನು ಅಂತೀರಿ? ವಿಮಾನ ರಿಪೇರಿ. ಇಬ್ಬರು ಕೂತು ಹಾರೋ ಹಳೇ ಕಾಲದ ಪುಟ್ಟ ವಿಮಾನ ಇರ್ತಾವಲ್ಲ, ಒಳಗೆ ಮರದ ಎಲುಬು, ಮೇಲೆ ಬಿಗಿಯಾಗಿ ಹೊದಿಸಿದ ಬಟ್ಟೆ, ಅಂಥವು. ಗಂಡ ತೀರಿಕೊಂಡ ಮೇಲೆ ಶೆಡ್ಡನ್ನ ಅವಳೇ ನಡೆಸ್ತಿದ್ದಳು.

ಪಿಳ್ಳಪ್ಪನಿಗೆ ಮೂವತ್ತು ದಾಟಿತ್ತು. ಬರ್ತಿದ್ದದ್ದು ಒಂದೇ ವಿದ್ಯೆ, ಕಾರು ಓಡಿಸೋದು. ಅದರಲ್ಲಿ ಎತ್ತಿದ ಕೈ. ಇನ್ನು ಹೇಳಿದ ಮಾತು ಅಂದರೆ ಹೇಳಿದ ಹಾಗೇ ಮಾಡೋನು, ಒಂದಕ್ಷರ ಆಚೀಚೆ ಇಲ್ಲ. ತಾಪತ್ರಯ ಇದ್ದದ್ದೇ ಅಲ್ಲಿ.

ಇಪ್ಪತ್ತು ಕಿಲೋಮೀಟರ್ ಆಚೆ ಒಂದು ಬಯಲಲ್ಲಿ ವಿಮಲಾಬಾಯಿ ಅನ್ನೋ ಮೇಡಂ ವಿಮಾನ ಇಟ್ಟಿದ್ದರು. ಅವರ ತಂದೆ ಹಾರಿಸ್ತಿದ್ದ ವಿಮಾನ, ನಲವತ್ತು ವರ್ಷ ಮೂಲೆ ಹಿಡಿದಿತ್ತು. "ನನಗೆ ಅರವತ್ತು ತುಂಬೋ ದಿನ ನಾನೇ ಹಾರಿಸಬೇಕು, ಆವಲಮ್ಮ. ಆಮೇಲೆ ಡಾಕ್ಟರು ಬಿಡ್ತಾರೋ ಇಲ್ಲವೋ" ಅಂದರು. ಆವಲಮ್ಮ ಒಪ್ಪಿಕೊಂಡಳು. ಇಲ್ಲಿ ಮಾಡಿದ್ದನ್ನ ಅಲ್ಲಿಗೆ ಸಾಗಿಸೋನು ಪಿಳ್ಳಪ್ಪ.

ಮೊದಲು ಹೋಗಬೇಕಾದದ್ದು ಹನ್ನೆರಡು ಅಡಿಯ ಮರದ ಪಟ್ಟಿಗಳು. "ಕಾರಲ್ಲಿ ಹಾಕ್ಕೊಂಡು ಹೋಗು" ಅಂದಳು ಅಮ್ಮ. ಹಾಕ್ಕೊಂಡ. ಈ ಕಿಟಕಿಯಿಂದ ತೂರಿಸಿ ಆ ಕಿಟಕಿಯಿಂದ ಹೊರಗೆ ತೆಗೆದು, ಅಡ್ಡಡ್ಡ. ಊರ ಬಾಗಿಲು ದಾಟೋದರೊಳಗೆ ಎಡಗಡೆ ಒಂದು ಲೈಟು ಕಂಬ, ಬಲಗಡೆ ಒಂದು ಸೊಪ್ಪಿನ ಗಾಡಿ. ಪಟ್ಟಿಗಳೆಲ್ಲ ಲಟಲಟ.

"ಅಯ್ಯೋ ನನ್ನಪ್ಪ, ಉದ್ದ ಸಾಮಾನನ್ನ ಉದ್ದಕ್ಕೆ ಇಡಬೇಕು ಕಣೋ. ಹೊರಗೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು."

"ಇಷ್ಟೇ ತಾನೆ? ಮುಂದಿನ ಸಲ ಹಾಗೇ ಮಾಡ್ತೀನಿ."

ಮುಂದಿನ ಸಲ ಹೊರಟದ್ದು ವಿಮಾನದ ಮೂತಿಯಲ್ಲಿ ಗಿರಗಿರ ತಿರುಗೋ ಮರದ ಫ್ಯಾನು. ಆರಡಿ ಉದ್ದ. ಸೀಟು ಮಡಚಿದರೆ ಕಾರೊಳಗೆ ಪೂರ್ತಿ ಹಿಡಿಸ್ತು. ಪಿಳ್ಳಪ್ಪ ಕೆಂಪು ಬಟ್ಟೆ ಹಿಡಕೊಂಡು ಕಾರನ್ನ ಮೂರು ಸುತ್ತು ಬಂದ. ಕಟ್ಟೋಕೆ ಹೊರಗೆ ಏನೂ ಇಲ್ಲ. ಡಿಕ್ಕಿ ತೆಗೆದ, ಫ್ಯಾನನ್ನ ಎರಡು ಮೊಳ ಹೊರಗೆಳೆದ, ತುದಿಗೆ ಬಟ್ಟೆ ಕಟ್ಟಿದ, ಹೊರಟ. ಸಿಗ್ನಲಲ್ಲಿ ಹಿಂದಿನ ಬಸ್ಸು ಬಂದು ತಾಗಿತು. ಫ್ಯಾನಿನ ತುದಿ ಚಕ್ಕೆ ಎದ್ದು ಹೋಯ್ತು.

ಆವಲಮ್ಮ ಆ ತುದಿ ಸವರಿ ನೋಡಿದಳು. ಆಮೇಲೆ ಅಂದಳು: "ಇಂಥದ್ದನ್ನ ಕಂಬಳಿ ಸುತ್ತಿ, ಹಗ್ಗ ಬಿಗಿದು, ಹಿಂದೆ ಮಲಗಿಸಬೇಕು ಕಣೋ. ಎಷ್ಟು ಕುಲುಕಿದರೂ ಅಲ್ಲಾಡಬಾರದು."

"ಇಷ್ಟೇ ತಾನೆ? ಮುಂದಿನ ಸಲ ಹಾಗೇ ಮಾಡ್ತೀನಿ."

ಮುಂದಿನ ಸಲ ಸಾಮಾನು ಇರಲಿಲ್ಲ. "ಕೆಲಸ ಎಲ್ಲಿಗೆ ಬಂತು ಅಂತ ನೋಡಬೇಕಂತೆ, ಮೇಡಂನ ಕರಕೊಂಡು ಬಾ" ಅಂದಳು ಅಮ್ಮ. ವಿಮಲಾಬಾಯಿ ಎತ್ತರದ ಆಳು, ತೆಳ್ಳಗೆ. ಪಿಳ್ಳಪ್ಪ ಅವರನ್ನ ಕೆಳಗಿಂದ ಮೇಲಿನವರೆಗೆ ನೋಡಿದ, ಕಂಬಳಿ ತೆಗೆದ.

"ಇದೇನಪ್ಪಾ?"

"ಅಮ್ಮ ಹೇಳಿದಾಳೆ, ಮೇಡಂ. ಅಲ್ಲಾಡಬೇಡಿ."

ಅವನು ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ, ಏನೋ ಹೊಸ ಸುರಕ್ಷತೆಯ ಕ್ರಮ ಇರಬೇಕು ಅಂದುಕೊಂಡು ಮೇಡಂ ಸುತ್ತಿಸಿಕೊಂಡರು, ಕಟ್ಟಿಸಿಕೊಂಡರು, ಹಿಂದಿನ ಸೀಟಲ್ಲಿ ಮಲಗಿದರು. ಶೆಡ್ಡಿನ ಮುಂದೆ ಹಗ್ಗ ಬಿಚ್ಚುವಾಗ ಆವಲಮ್ಮನಿಗೆ ತಲೆ ಎತ್ತೋಕಾಗಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಮೇಡಂ, "ಇರಲಿ, ಒಂದು ಗೀರೂ ಬಿದ್ದಿಲ್ಲ" ಅಂದರು.

ಅವರು ಒಳಗೆ ಹೋದ ಮೇಲೆ ಅಮ್ಮ ಹಲ್ಲು ಕಚ್ಚಿಕೊಂಡು ಅಂದಳು: "ಮುಂದಿನ ಸೀಟಲ್ಲಿ ಕೂರಿಸಬೇಕು ಕಣೋ. ಕಿಟಕಿ ಇಳಿಸಿ ಗಾಳಿ ಬಿಡಬೇಕು. ದಾರೀಲಿ ಒಂದು ಎಳನೀರು ಕೊಡಬೇಕು."

"ಇಷ್ಟೇ ತಾನೆ?"

ಅದಾಗಿ ಹೊರಟದ್ದು ಬಾಲದ ಚುಕ್ಕಾಣಿ. ಆವಲಮ್ಮ ಹದಿನೈದು ದಿನ ಕೂತು ಬಟ್ಟೆ ಹೊಲಿದು ಹೊದಿಸಿದ್ದು. ಪಿಳ್ಳಪ್ಪ ಅದನ್ನ ಮುಂದಿನ ಸೀಟಲ್ಲಿ ಕೂರಿಸಿದ. ನಾಲ್ಕೂ ಕಿಟಕಿ ಇಳಿಸಿದ. ಅರ್ಧ ದಾರಿಯಲ್ಲಿ ಒಂದು ಎಳನೀರು ಕೊಚ್ಚಿಸಿ ಅದರ ನೆತ್ತಿಗೆ ಸುರಿದ. ನೆಂದ ಬಟ್ಟೆಗೆ ಗಾಳಿ ಪಟಪಟ ಬಡಿದು, ಬಯಲು ಮುಟ್ಟೋ ಹೊತ್ತಿಗೆ ಹೊಲಿಗೆ ಬಿಟ್ಟು ಬಾವುಟದ ಹಾಗೆ ಹಾರಾಡ್ತಿತ್ತು.

ಅವತ್ತು ಆವಲಮ್ಮ ಬೈಯಲಿಲ್ಲ. ಅತ್ತಳು. ಅಮ್ಮ ಅತ್ತದ್ದು ನೋಡಿ ಪಿಳ್ಳಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮುರಿದ ಪಟ್ಟಿ, ಫ್ಯಾನು ಹೊಸದಾಗಿ ಮಾಡಿ, ಚುಕ್ಕಾಣಿಗೆ ಮತ್ತೆ ಬಟ್ಟೆ ಹೊದಿಸಿ, ಎಲ್ಲಾ ಬಯಲಿಗೆ ಮುಟ್ಟಿಸಿದ್ದಾಯ್ತು. ಉಳಿದದ್ದು ಎರಡು ರೆಕ್ಕೆ. ಒಂದೊಂದು ಹದಿನಾಲ್ಕು ಅಡಿ, ಮೂರು ತಿಂಗಳ ಕೆಲಸ. ಮೇಡಂ ಹುಟ್ಟಿದ ದಿನಕ್ಕೆ ಉಳಿದದ್ದು ನಾಲ್ಕೇ ದಿನ. ಮುರಿದರೆ ಮತ್ತೆ ಮಾಡೋಕೆ ಹೊತ್ತಿಲ್ಲ. ಆವಲಮ್ಮ ಕಾರಿನ ಹಿಂದೆ ಎಳೆಯೋಕೆ ಒಂದು ಉದ್ದನೆ ಪೆಟ್ಟಿಗೆ ಗಾಡಿ ಮಾಡಿಸಿದಳು. ರೆಕ್ಕೆಯ ದಪ್ಪನೆ ಅಂಚು ಕೆಳಗೆ ಬರೋ ಹಾಗೆ ನಿಲ್ಲಿಸಿ, ಸುತ್ತ ಹತ್ತಿಯ ದಿಂಡು ಕೊಟ್ಟು, ಮಗನ ಎರಡೂ ಕೈ ಹಿಡಕೊಂಡಳು.

"ಪಿಳ್ಳಾ, ನಿಧಾನ ಹೋಗು. ರೆಕ್ಕೆಗೆ ಗಾಳಿ ತಾಗಬಾರದು. ಗಾಳಿ ಬೀಸಿತೋ, ರೆಕ್ಕೆ ಪೆಟ್ಟಿಗೆಯೊಳಗೇ ಇರಬೇಕು, ಮುಚ್ಚಳ ಭದ್ರ ಮಾಡಿಬಿಡು. ಅದನ್ನ ಬಿಟ್ಟು ಎಲ್ಲೂ ಹೋಗಬೇಡ."

"ನೀನು ನಿಶ್ಚಿಂತೆಯಾಗಿರಮ್ಮ."

ಏನು ಹೋದ ಅಂತೀರಿ! ಎತ್ತಿನ ಗಾಡಿಗಳು ಅವನನ್ನ ದಾಟಿಕೊಂಡು ಹೋದವು. ಹಳ್ಳ ಕಂಡಲ್ಲಿ ಇಳಿದು, ನೋಡಿ, ಮತ್ತೆ ಹತ್ತಿದ. ಹಿಂದೆ ಲಾರಿಯವರು ಹಾರನ್ ಹೊಡೆದು ಹೊಡೆದು ಸುಸ್ತಾದರು. ಬೆಳಗ್ಗೆ ಹೊರಟೋನು ಸಂಜೆಗೆ ಮುಟ್ಟಿದ. ಪೆಟ್ಟಿಗೆ ತೆಗೆದರೆ ಎರಡೂ ರೆಕ್ಕೆ ಇಟ್ಟ ಹಾಗೇ ಇದ್ದವು. ಮಾರನೇ ದಿನ ಆವಲಮ್ಮ ಬಂದು ನೋಡಿದಳು, ಮಗನ ತಲೆ ಸವರಿದಳು. ಎರಡು ದಿನ ಕೂತು ರೆಕ್ಕೆ ಜೋಡಿಸಿದಳು. ಯಾವ ಬೋಲ್ಟು ಎಲ್ಲಿ ಅಂತ ಪಿಳ್ಳಪ್ಪ ಪಕ್ಕದಲ್ಲೇ ನಿಂತು ನೋಡಿದ. ರೆಕ್ಕೆ ಬಿಟ್ಟು ಎಲ್ಲೂ ಹೋಗಲಿಲ್ಲ.

ಹುಟ್ಟಿದ ದಿನ ಬಂತು. ಬಯಲ ತುಂಬ ನೆಂಟರು, ಹಳೇ ಸ್ನೇಹಿತರು. ವಿಮಲಾಬಾಯಿ ಬಯಲಂಚಿನ ಕೋಣೆಯೊಳಗೆ ತಂದೆಯ ಕಾಲದ ತೊಗಲಿನ ಕೋಟು ಹಾಕ್ಕೊಳ್ತಿದ್ದರು, ಆವಲಮ್ಮ ಗುಂಡಿ ಹಾಕಿಕೊಡ್ತಿದ್ದಳು. ಅಷ್ಟರಲ್ಲಿ ಹೊರಗೆ ತಣ್ಣಗೆ ಗಾಳಿ ಬೀಸಿತು.

ಅರ್ಧ ಗಂಟೆ ಬಿಟ್ಟು ಇಬ್ಬರೂ ಹೊರಗೆ ಬಂದು ನೋಡಿದರೆ ವಿಮಾನಕ್ಕೆ ರೆಕ್ಕೆ ಇಲ್ಲ. ನಡುವಿನ ಮೈ ಒಂದೇ ಬೋಳಾಗಿ ನಿಂತಿದೆ. ನೆಂಟರಲ್ಲಿ ಆರು ಜನ ಗಟ್ಟಿಮುಟ್ಟಾದವರು ಕೈ ಒರೆಸಿಕೊಳ್ತಿದ್ದಾರೆ. ರೆಕ್ಕೆ ಬಿಚ್ಚಿ ಅಂತ ಪಿಳ್ಳಪ್ಪ ಅಷ್ಟು ಜೋರಾಗಿ ಹೇಳಿದ್ದಕ್ಕೆ ಮೇಡಂದೇ ಅಪ್ಪಣೆ ಇರಬೇಕು ಅಂತ ಅವರೂ ಕೈ ಕೊಟ್ಟಿದ್ದರು. ಎರಡೂ ರೆಕ್ಕೆ ಪೆಟ್ಟಿಗೆಯಲ್ಲಿ, ಸುತ್ತ ಹತ್ತಿಯ ದಿಂಡು, ಮುಚ್ಚಳ ಭದ್ರ.

ಆವಲಮ್ಮ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು.

ಪಿಳ್ಳಪ್ಪ ಕಾರು ಸ್ಟಾರ್ಟ್ ಮಾಡಿ, ಮುಂದಿನ ಬಾಗಿಲು ತೆಗೆದು ನಿಂತ.

"ಗಾಳಿ ಬೀಸಿದ ಕೂಡಲೇ ಬಿಚ್ಚಿಬಿಟ್ಟೆ, ಮೇಡಂ. ಕೂತ್ಕೊಳ್ಳಿ. ಎಲ್ಲೆಲ್ಲಿ ಹಾರಬೇಕು ಅಂತ ಹೇಳಿ, ಎಲ್ಲಾ ಕಡೆ ಕಾರಲ್ಲೇ ಸುತ್ತಿಸಿಕೊಂಡು ಬರ್ತೀನಿ."